ರಕ್ತದ ಒತ್ತಡದ ಸತ್ಯವಾದ ಲೆಕ್ಕ

ಹಲ್ಲು ನೊಂದರೆ ನಾವು ಬೆಳಗಾಗುತ್ತಲೇ ವೈದ್ಯರ ಬಳಿಗೆ ಹೋಗುತ್ತೇವೆ. ರಕ್ತದ ಒತ್ತಡವು ಹೆಚ್ಚಿದರೆ ಹಾಗಲ್ಲ. ಅದು ಬಹುಮಂದಿಗೆ ಯಾವ ನೋವನ್ನೂ ಕೊಡದೆ, ವರುಷಗಟ್ಟಲೆ ಒಳಗೊಳಗೇ ಹೃದಯವನ್ನೂ ಮೂತ್ರಪಿಂಡಗಳನ್ನೂ ಮಿದುಳಿನ ರಕ್ತನಾಳಗಳನ್ನೂ ಕೆಡಿಸುತ್ತದೆ. ಹೊಲದಲ್ಲಿ ಗೆಯ್ಯುತ್ತಿದ್ದವನು ಅರ್ಧಾಂಗವಾಯುವಿನಿಂದ ಬಿದ್ದ ಮೇಲೆಯೇ ಮನೆಯವರಿಗೆ ಸಂಗತಿ ತಿಳಿಯುವದುಂಟು. ಆದಕಾರಣ ಈ ಒತ್ತಡವನ್ನು ಅಳೆದೇ ತಿಳಿಯತಕ್ಕದ್ದು.

ಇದನ್ನು ಮೊದಲಾಗಿ ಅಳೆದವನು ಒಬ್ಬ ಸಭಾಪಾಲಕನೇ. ಇಂಗ್ಲೆಂಡಿನ ಟೆಡಿಂಗ್ಟನ್ ಎಂಬ ಊರಿನ ಸ್ಟೀಫನ್ ಹೇಲ್ಸನು ಕುದುರೆಯೊಂದರ ರಕ್ತನಾಳಕ್ಕೆ ಕೊಳವೆಯನ್ನು ಜೋಡಿಸಿ, ರಕ್ತವು ಅದರಲ್ಲಿ 8 ಅಡಿಗಿಂತಲೂ ಮೇಲಕ್ಕೆ ಏರಿದ್ದನ್ನು ಕಂಡು, 1733ರಲ್ಲಿ ಪ್ರಕಟಿಸಿದನು. 1896ರಲ್ಲಿ ಇಟಲಿಯ ವೈದ್ಯನಾದ ರಿವಾ ರೊಚ್ಚಿಯು ತೋಳಿಗೆ ಪಟ್ಟಿಯನ್ನು ಕಟ್ಟಿ ಪಾದರಸದಿಂದ ಅಳೆಯುವ ಉಪಾಯವನ್ನು ತೋರಿಸಿದನು. ಈಗ ಗುಂಡಿಯನ್ನು ಒತ್ತಿದರೆ ತಾನೇ ಅಳೆಯುವ ಯಂತ್ರವು ಅನೇಕರ ಮನೆಗಳಲ್ಲಿ ಉಂಟು. ಅದು ತೋರಿಸುವ ಮೇಲಿನ ಅಂಕೆಯು ಹೃದಯವು ಕುಗ್ಗಿ ರಕ್ತವನ್ನು ನೂಕುವಾಗಿನ ಒತ್ತಡ. ಕೆಳಗಿನದು ಅದು ಸಡಿಲುವಾಗಿನ ಒತ್ತಡ.

ಅಳೆಯುವ ಕ್ರಮವು ಹೀಗಿದೆ. ಮಣಿಕಟ್ಟಿಗೆ ಕಟ್ಟುವ ಯಂತ್ರಕ್ಕಿಂತ ತೋಳಿಗೆ ಕಟ್ಟುವದು ಉತ್ತಮ; ಪಟ್ಟಿಯು ತೋಳಿನ ಗಾತ್ರಕ್ಕೆ ಒಪ್ಪುವಂಥದಾಗಿರಲಿ. ಅಳೆಯುವದಕ್ಕೆ ಅರ್ಧ ಗಂಟೆ ಮೊದಲಿನಿಂದ ಕಾಫಿ, ಚಹಾ, ಬೀಡಿ, ಹೊಗೆಸೊಪ್ಪು, ದುಡಿಮೆ ಇವುಗಳನ್ನು ಬಿಡಬೇಕು. ಮೂತ್ರಕ್ಕೆ ಹೋಗಿ ಬರಬೇಕು. ನಾವು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂಡ್ರುವ ರೂಢಿಯವರಾದರೂ, ಈ ಕೆಲಸಕ್ಕೆ ಕುರ್ಚಿಯೇ ಬೇಕು. ಬೆನ್ನನ್ನು ಆನಿಸಿ, ಪಾದಗಳನ್ನು ನೆಲಕ್ಕೆ ಊರಿ, 5 ನಿಮಿಷ ಮೌನವಾಗಿರಬೇಕು. ಬರಿದಾದ ತೋಳಿಗೆ, ಮೊಣಕೈಯ ಮಡಿಕೆಗಿಂತ ಎರಡು ಬೆರಳು ಮೇಲೆ ಪಟ್ಟಿಯನ್ನು ಕಟ್ಟಿ, ತೋಳು ಹೃದಯದ ಮಟ್ಟಕ್ಕೆ ಬರುವಂತೆ ಕೈಯನ್ನು ಮೇಜಿನ ಮೇಲೆ ಇಡಬೇಕು. ಅಳೆಯುವಾಗ ಮಾತಾಡಬಾರದು. ಬೆಳಿಗ್ಗೆ ಔಷಧಕ್ಕೂ ಊಟಕ್ಕೂ ಮುಂಚೆ ಎರಡು ಸಾರಿ, ಸಾಯಂಕಾಲ ಎರಡು ಸಾರಿ, ನಡುವೆ ಒಂದು ನಿಮಿಷ ಬಿಟ್ಟು, 7 ದಿವಸ ಅಳೆಯಬೇಕು. ಮೊದಲನೆಯ ದಿನದ ಅಂಕೆಗಳನ್ನು ಬಿಟ್ಟು ಉಳಿದವುಗಳ ಸರಾಸರಿಯು 135ಕ್ಕೆ ಅಥವಾ ಕೆಳಗಿನದು 85ಕ್ಕೆ ಮುಟ್ಟಿದರೆ ವೈದ್ಯರಿಗೆ ತಿಳಿಸಬೇಕು. 180 ಅಥವಾ 120 ದಾಟಿದರೆ ಸ್ವಲ್ಪ ಸುಮ್ಮನಿದ್ದು ತಿರಿಗಿ ಅಳೆದು, ಹಾಗೆಯೇ ಇದ್ದರೆ ಆ ದಿನವೇ ವೈದ್ಯರನ್ನು ಕಾಣಬೇಕು. ಅದರೊಂದಿಗೆ ಎದೆನೋವು, ಉಬ್ಬಸ, ಮಾತಿನ ತೊದಲು, ಕೈಕಾಲುಗಳ ಬಲಹೀನತೆ ಕಂಡರೆ ಒಂದು ಗಳಿಗೆಯನ್ನೂ ಕಳೆಯದೆ ಆಸ್ಪತ್ರೆಗೆ ಹೋಗತಕ್ಕದ್ದು.

ಇಲ್ಲಿ ನಮಗೆ ಒಂದು ಶೋಧನೆಯುಂಟು. ಮೊದಲು 158 ಬಂದರೆ ಯಂತ್ರವೇ ತಪ್ಪೆಂದು ಹೇಳಿ, ಐದಾರು ಸಾರಿ ಅಳೆದು, 134 ಬಂದಾಗ ಅದೊಂದನ್ನೇ ಬರೆದುಕೊಳ್ಳುತ್ತೇವೆ. ಧಣಿಯ ಮುಂದೆ ಸುಳ್ಳು ಲೆಕ್ಕವನ್ನು ಇಡುವ ಪಾರುಪತ್ಯಗಾರನಿಗೂ ನಮಗೂ ಆಗ ಏನು ಭೇದ? ವೈದ್ಯರು ಆ ಚೀಟಿಯನ್ನು ನಂಬಿ ಔಷಧವನ್ನು ಕಡಿಮೆ ಕೊಟ್ಟರೆ, ಅದರ ಫಲವನ್ನು ನಮ್ಮ ಶರೀರವೂ ನಮ್ಮ ಮನೆಯವರೂ ಉಣ್ಣಬೇಕಾಗುವದು. ಅಂಕೆಯು ಇಳಿಯಿತೆಂದು ಗುಳಿಗೆಯನ್ನು ನಾವಾಗಿಯೇ ನಿಲ್ಲಿಸುವದೂ ಮೋಸವೇ. ಯಾಕಂದರೆ ಬಹಳ ಸಾರಿ ಆ ಗುಳಿಗೆಯಿಂದಲೇ ಅದು ಇಳಿದಿರುತ್ತದೆ. ಪ್ರಾರ್ಥಿಸುವವನು ಔಷಧವನ್ನು ಬಿಡಬೇಕೆಂದಿಲ್ಲ. ಎರಡನ್ನೂ ದೇವರ ಕೈಯಿಂದಲೇ ಹೊಂದುತ್ತೇವಲ್ಲಾ.

ಶರೀರವು ನಮ್ಮ ಸ್ವಂತದ್ದಲ್ಲ, ನಮಗೆ ಒಪ್ಪಿಸಲ್ಪಟ್ಟದ್ದು. ಆದದರಿಂದ ಬಂದ ಅಂಕೆಯನ್ನು, ಅದು ಇಷ್ಟವಾದರೂ ಆಗದಿದ್ದರೂ, ಬಂದ ಹಾಗೆಯೇ ಬರೆದಿಡೋಣ.