ಊರಿಗೆ ಹೆಸರು ಕಟ್ಟುವವರು ಯಾರು?

ಪ್ರವಾಸಿ ಕೈಪಿಡಿ, ಉತ್ಸವದ ಪೋಸ್ಟರ್, ದಾರಿಫಲಕ ಮಾಡಿಕೊಡುವುದು ನನ್ನ ಕಸುಬು. ಇರುವುದು ಮೈಸೂರಿನಲ್ಲಿ. “ನಮ್ಮೂರಿಗೂ ಒಂದು ಬ್ರ್ಯಾಂಡ್ ಮಾಡಿಕೊಡಿ ಸಾರ್” ಎಂದು ಬೇರೆ ಊರುಗಳಿಂದ ಬರುವವರಿಗೆ ನಾನು ಹೇಳುವ ಮಾತುಗಳಿವು.

1. ಊರಿಗಿಂತ ಮೊದಲು ಊರಿನ ಪದಾರ್ಥ ಹೊರಟಿರುತ್ತದೆ.

ಮೈಸೂರನ್ನು ಕಣ್ಣಾರೆ ಕಾಣದವರ ಬಚ್ಚಲುಮನೆಯಲ್ಲೂ ಮೈಸೂರು ಸ್ಯಾಂಡಲ್ ಸೋಪ್ ಇರುತ್ತದೆ. ರೇಷ್ಮೆ ಸೀರೆ, ಊದುಬತ್ತಿ, ಮೈಸೂರು ಪಾಕ್, ಮಸಾಲೆ ದೋಸೆ ಎಲ್ಲವೂ ಈ ಹೆಸರು ಹೊತ್ತೇ ತಿರುಗುತ್ತವೆ. ತಮಾಷೆಯೆಂದರೆ, 1916ರಲ್ಲಿ ಆ ಸೋಪಿನ ಕಾರ್ಖಾನೆ ಶುರುವಾದದ್ದು ಬೆಂಗಳೂರಿನಲ್ಲಿ. ಆಗ ಮೈಸೂರೆಂದರೆ ಇಡೀ ಸಂಸ್ಥಾನ. 1973ರಲ್ಲಿ ಮೈಸೂರು ರಾಜ್ಯ ಕರ್ನಾಟಕವಾದ ಮೇಲೆ, ಸಂಸ್ಥಾನ ಗಳಿಸಿದ್ದ ಹೆಸರೆಲ್ಲ ಪಿತ್ರಾರ್ಜಿತ ಆಸ್ತಿಯ ಹಾಗೆ ಈ ಒಂದು ಊರಿನ ಪಾಲಾಯಿತು. ಬೇರೆ ಊರುಗಳಿಗೆ ಈ ಭಾಗ್ಯವಿಲ್ಲ. ಹಾಗಾಗಿ ಮೈಸೂರಿನ ನಕಲು ಮಾಡಹೋಗಬೇಡಿ.

2. ಎರವಲು ಬಿರುದು ಬಾಳುವುದಿಲ್ಲ.

ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದರು. ಹತ್ತಿ ಗಿರಣಿಗಳು ಮುಚ್ಚಿದವು, ಬಿರುದು ಪಠ್ಯಪುಸ್ತಕ ಸೇರಿತು. ಈಗ ಊರಿನ ಹೆಸರು ಹೇಳಿದರೆ ನೆನಪಾಗುವುದು ಬೆಣ್ಣೆ ದೋಸೆ.

3. ಊರಿನವರು ಲೆಕ್ಕಕ್ಕಿಡದ್ದನ್ನೇ ಹುಡುಕಿಕೊಂಡು ಜನ ಬರುತ್ತಾರೆ.

1930ರ ದಶಕದಲ್ಲಿ ಟಿ. ಕೃಷ್ಣಮಾಚಾರ್ಯರು ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದರು. ಅವರ ಶಿಷ್ಯ ಕೆ. ಪಟ್ಟಾಭಿ ಜೋಯಿಸರು ಹೇಳಿಕೊಟ್ಟ ಅಷ್ಟಾಂಗ ಯೋಗದಲ್ಲಿ ‘ಮೈಸೂರು ಸ್ಟೈಲ್’ ಎಂದರೆ, ಒಂದೇ ಹಜಾರದಲ್ಲಿ ಪ್ರತಿಯೊಬ್ಬರೂ ತಂತಮ್ಮ ಉಸಿರಿನ ಗತಿಯಲ್ಲಿ ಅಭ್ಯಾಸ ಮಾಡುವುದು, ಗುರು ಓಡಾಡುತ್ತ ತಿದ್ದುವುದು. ಇದನ್ನು ಕಲಿಯಲು ಗೋಕುಲಂ ಬಡಾವಣೆಗೆ ಲೋಕದ ಮೂಲೆ ಮೂಲೆಯಿಂದ ಬರುತ್ತಾರೆ. ನಮ್ಮ ಕೈಪಿಡಿಗಳಲ್ಲಿ ಮಾತ್ರ ಅರಮನೆ, ಮೃಗಾಲಯ, ಬೃಂದಾವನ ಮುಗಿದು ಜಾಗ ಉಳಿದರೆ ಯೋಗಕ್ಕೆ ಎರಡು ಸಾಲು!

4. ಹೆಸರನ್ನು ಸಾಕಲು ದಿನಾ ಖರ್ಚಿದೆ.

ಭಾನುವಾರ ಸಂಜೆ ಅರಮನೆಯ ಸುಮಾರು ಒಂದು ಲಕ್ಷ ಬಲ್ಬು ಬೆಳಗಿದಾಗ ಎಲ್ಲರ ಫೋನೂ ಮೇಲೇಳುತ್ತದೆ. ಅಲ್ಲಿಂದ ಕೂಗಳತೆಯಲ್ಲಿರುವ ದೇವರಾಜ ಮಾರುಕಟ್ಟೆಯ ಒಂದು ಭಾಗ 2016ರಲ್ಲಿ ಕುಸಿದುಬಿತ್ತು. ಅದಕ್ಕೂ ಮೊದಲು, 2012ರಲ್ಲಿ, ಲ್ಯಾನ್ಸ್‌ಡೌನ್ ಕಟ್ಟಡದ ಭಾಗ ಕುಸಿದು ಜೀವಗಳೇ ಹೋದವು. ಈ ಎರಡು ಹಳೆಯ ಕಟ್ಟಡಗಳನ್ನು ಕೆಡವಬೇಕೋ ಉಳಿಸಬೇಕೋ ಎಂಬ ಜಗ್ಗಾಟದಲ್ಲಿ ವರ್ಷಗಳು ಕಳೆದವು. ಪಾರಂಪರಿಕ ನಗರ ಎಂದು ಫಲಕ ಬರೆಯುವವನಿಗೆ ಇದಕ್ಕಿಂತ ಮುಜುಗರ ಬೇರೆ ಬೇಕೆ?

ಸ್ವಚ್ಛತೆಯದೂ ಇದೇ ಕಥೆ. ಅಗಲ ರಸ್ತೆ, ಚರಂಡಿ, ಹೊಸ ಬಡಾವಣೆಗಳಿಗೆಂದೇ 1903ರಲ್ಲಿ ಇಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಹುಟ್ಟಿತ್ತು. 2015 ಮತ್ತು 2016ರ ದೇಶದ ಸ್ವಚ್ಛ ನಗರಗಳ ಪಟ್ಟಿಯಲ್ಲಿ ಮೈಸೂರು ಮೊದಲಿತ್ತು. 2017ರಲ್ಲಿ ಇಂದೋರ್ ಆ ಜಾಗ ಹಿಡಿಯಿತು, ಆಮೇಲೆ ಹಲವು ವರ್ಷ ಬಿಟ್ಟುಕೊಡಲಿಲ್ಲ. ಆ ಹೆಸರನ್ನು ಇಲ್ಲಿಗೆ ತಂದವರು ನಸುಕಿನಲ್ಲಿ ಪೊರಕೆ ಹಿಡಿಯುವ ಪೌರಕಾರ್ಮಿಕರು. ಅವರ ಫೋಟೊ ಹಾಕಿದ ಪ್ರವಾಸಿ ಪೋಸ್ಟರನ್ನು ನಾನಂತೂ ಕಂಡಿಲ್ಲ.

ಊರಿನ ಪದಾರ್ಥಕ್ಕೆ ಭೌಗೋಳಿಕ ಸೂಚಿಯ (ಜಿಐ) ಪ್ರಮಾಣಪತ್ರ ಸಿಕ್ಕಿತೆಂದು ನಿಶ್ಚಿಂತರಾಗುವಂತೆಯೂ ಇಲ್ಲ. ನಂಜನಗೂಡು ರಸಬಾಳೆಗೆ ಅದು ಇದೆ. ಆದರೂ ಪನಾಮಾ ಸೊರಗು ರೋಗ ತೋಟಗಳನ್ನೇ ತಿಂದುಹಾಕಿತು. ಬೆಳೆಗಾರನಿಗೆ ಗಿಟ್ಟದಿದ್ದರೆ ಕಾಗದ ಏನು ಮಾಡೀತು?

5. ಲೋಗೋ ಕೊನೆಗೆ.

ಬೆಂಗಳೂರಿಗೆ 2017ರಲ್ಲಿ ಲೋಗೋ ಬಂತು. ಆದರೂ ಬೆಂಗಳೂರೆಂದರೆ ಜನ ಹೇಳುವುದು ಐಟಿ, ಹವೆ, ಟ್ರಾಫಿಕ್. ಲೋಗೋ ಬೇಡವೆಂದು ನಾನು ಹೇಳಲಾರೆ, ನನ್ನ ಹೊಟ್ಟೆಪಾಡೇ ಅದು. ಆದರೆ ನನ್ನಂಥವರನ್ನು ಕರೆಯುವ ಮುಂಚೆ ನಿಮ್ಮೂರಿನ ಬಸ್ ನಿಲ್ದಾಣದ ಶೌಚಾಲಯವನ್ನೊಮ್ಮೆ ನೋಡಿ ಬನ್ನಿ. ಮೊದಲ ಕಂತಿನ ಹಣ ಅಲ್ಲಿಗೆ ಹೋಗಲಿ.