ಈ ವಾರದ ಇಂಗ್ಲಿಷ್ ಪದ: ಡಿಪ್ರೆಶನ್

ಗೆಳೆಯರೇ, ಈ ವಾರ ಪದ ಆರಿಸುವ ಸರದಿ ನನ್ನದು. ಡಿಪ್ರೆಶನ್ ಎಂಬ ಪದವನ್ನೇ ಆರಿಸಲು ಕಾರಣವಿದೆ. (ಚಿಕ್ಕಮ್ಮನನ್ನು ಕೇಳಿಯೇ ಬರೆದಿದ್ದೇನೆ.)

ನಮ್ಮ ಚಿಕ್ಕಮ್ಮ ಮೂರು ತಿಂಗಳಿಂದ ಸರಿಯಾಗಿ ಊಟ ಮಾಡುತ್ತಿರಲಿಲ್ಲ. ಬೆಳಗಿನ ಜಾವ ಮೂರಕ್ಕೇ ಎದ್ದು ಸುಮ್ಮನೆ ಕೂತಿರುತ್ತಿದ್ದರು. ಆಸ್ಪತ್ರೆಗೆ ಹೋದಾಗ ಡಾಕ್ಟರು ಚೀಟಿಯಲ್ಲಿ ಈ ಪದ ಬರೆದರು. ಮನೆಯಲ್ಲಿ ಇಂಗ್ಲಿಷ್ ಓದುವವನು ನಾನೊಬ್ಬನೇ. ನನಗೆ ಗೊತ್ತಿದ್ದದ್ದು ಭೂಗೋಳದ ಅರ್ಥ ಮಾತ್ರ. "ವಾಯುಭಾರ ಕುಸಿತ ಅಂತ ಬರೆದವ್ರೆ ಅಜ್ಜಿ" ಅಂದೆ. "ಹಂಗಂದ್ರೆ ಅವಳಿಗೆ ಗಾಳಿ ಸೋಕೈತಾ?" ಅಂದರು ಅಜ್ಜಿ. ತಾಯತ ಕಟ್ಟಿಸುವ ಮಾತು ಶುರುವಾಯಿತು. ಮಾತ್ರೆಗಳು ನಾಲ್ಕು ದಿನ ಗೋಡೆಯ ಗೂಡಿನಲ್ಲೇ ಉಳಿದವು.

ಐದನೇ ದಿನ ಇಂಗ್ಲಿಷ್ ಮೇಷ್ಟ್ರನ್ನು ಕೇಳಿದೆ. ಅವರು ಪದವನ್ನು ಬಿಡಿಸಿ ಹೇಳಿದರು. ಲ್ಯಾಟಿನ್ ಭಾಷೆಯಲ್ಲಿ 'ಡೆ' ಎಂದರೆ ಕೆಳಕ್ಕೆ, 'ಪ್ರೆಮೆರೆ' ಎಂದರೆ ಒತ್ತುವುದು. ಪುಸ್ತಕ ಅಚ್ಚು ಹಾಕುವ ಪ್ರೆಸ್ಸೂ ಇದೇ ಮನೆತನದ್ದು. ನೆಲದ ತಗ್ಗಿಗೂ ಡಿಪ್ರೆಶನ್ ಎನ್ನುತ್ತಾರೆ. ಬಂಗಾಳ ಕೊಲ್ಲಿಯಲ್ಲಿ ಒತ್ತಡ ಇಳಿದು ಗಾಳಿ ಗಂಟೆಗೆ ಸುಮಾರು 31ರಿಂದ 50 ಕಿ.ಮೀ. ವೇಗದಲ್ಲಿ ಸುತ್ತಿದರೆ ಹವಾಮಾನ ಇಲಾಖೆಯವರಿಗೆ ಅದು ಡಿಪ್ರೆಶನ್. 1929ರಲ್ಲಿ ಅಮೆರಿಕದಲ್ಲಿ ಶುರುವಾಗಿ ಲೋಕಕ್ಕೆಲ್ಲ ಹಬ್ಬಿದ ಆರ್ಥಿಕ ಕುಸಿತಕ್ಕೆ ಗ್ರೇಟ್ ಡಿಪ್ರೆಶನ್ ಎಂದು ಹೆಸರು.

ಮನಸ್ಸಿಗಾದರೆ ಕನ್ನಡದಲ್ಲಿ ಖಿನ್ನತೆ. ಇದು ಬರೀ ಬೇಜಾರಲ್ಲ. ಬೇಜಾರು ಜಾತ್ರೆಗೆ ಹೋದರೆ ಮರೆತುಹೋಗುತ್ತದೆ. ಖಿನ್ನತೆಯಲ್ಲಿ ಜಾತ್ರೆಯೇ ಬೇಡವಾಗುತ್ತದೆ. ಹೆಚ್ಚುಕಡಿಮೆ ದಿನವೂ ಹೀಗೇ ಎರಡು ವಾರ ಮೀರಿ, ನಿದ್ದೆ, ಊಟ, ಕೆಲಸ ಕೆಟ್ಟರೆ ಡಾಕ್ಟರಿಗೆ ತೋರಿಸಬೇಕು. ಫೋನಿನಲ್ಲೇ ಕೇಳುವುದಾದರೆ ಸರ್ಕಾರದ ಟೆಲಿ ಮಾನಸ್ ಇದೆ, ನಂಬರು 14416. ಕನ್ನಡದಲ್ಲೇ ಮಾತಾಡಬಹುದು.

ಇನ್ನು ಪ್ರಯೋಗ. ಕುಗ್ಗಿದ ಮನುಷ್ಯ ಡಿಪ್ರೆಸ್ಡ್, ಕುಗ್ಗಿಸುವ ಸುದ್ದಿ ಡಿಪ್ರೆಸಿಂಗ್. ನಾನು ರಜಾ ಅರ್ಜಿಯಲ್ಲಿ 'ಐ ಆಮ್ ಡಿಪ್ರೆಸಿಂಗ್' ಎಂದು ಬರೆದಿದ್ದೆ. ಹಾಗಂದ್ರೆ ನನ್ನನ್ನು ನೋಡಿದವರಿಗೇ ಮನಸ್ಸು ಕುಗ್ಗುತ್ತೆ ಅಂತ! ಗಣಿತದಲ್ಲಿ 11 ಅಂಕ ಬಂದರೆ 'ಐ ಆಮ್ ಸ್ಯಾಡ್' ಸಾಕು, ಅಂದರು ಮೇಷ್ಟ್ರು. (ನನಗೆ ಬಂದದ್ದು 9.)

ಸಂಜೆ ಮನೆಗೆ ಹೋಗಿ ಚೀಟಿಯನ್ನು ಮತ್ತೆ ಓದಿದೆ. "ಗಾಳಿ ಅಲ್ಲಜ್ಜಿ, ಇದು ಮನಸ್ಸಿನ ಕಾಯಿಲೆ. ಮೇಲಿಂದ ಯಾರೋ ಒತ್ತಿ ಹಿಡಿದಂಗೆ ಆಯ್ತದಂತೆ" ಅಂದೆ. ಒಳಗಿನಿಂದ ಚಿಕ್ಕಮ್ಮ, "ಹೂಂ, ಹಂಗೇ" ಅಂದರು. ಆ ರಾತ್ರಿ ಗೂಡಿನಿಂದ ಮಾತ್ರೆ ತೆಗೆದು, ನೀರಿನ ಲೋಟದ ಜೊತೆ ಕೊಟ್ಟವರು ಅಜ್ಜಿಯೇ.