ಡಬ್ಬಿಯ ಹಿಂಬದಿ ಓದಿ, ಆಮೇಲೆ ದುಡ್ಡು ಬಿಚ್ಚಿ

ತಿಂಗಳ ಖರ್ಚನ್ನು ಶಿಸ್ತಾಗಿ ಬರೆದಿಡುವ ಮನೆಗಳಲ್ಲೂ ಸೋಪು, ಶಾಂಪೂ, ಕ್ರೀಮುಗಳಿಗೆ ಬೇರೆ ಲೆಕ್ಕ ಇರುವುದು ಅಪರೂಪ. ಸೋಪು ದಿನಸಿ ಬಿಲ್ಲಿನಲ್ಲಿ ಸೇರಿಹೋಗುತ್ತದೆ. ಫೇಸ್‌ವಾಶ್ ಮೆಡಿಕಲ್ ಶಾಪಿನ ಚೀಟಿಯಲ್ಲಿ ಮಾತ್ರೆಗಳ ಜೊತೆ ಇರುತ್ತದೆ. ಸೀರಮ್ ಮಗಳ ಮೊಬೈಲಿನ ಆ್ಯಪ್‌ನಿಂದ ಬರುತ್ತದೆ. ತಲೆಗೆ ಹಚ್ಚುವ ಬಣ್ಣ ಪಾರ್ಲರಿನ ಖರ್ಚಿನಲ್ಲಿ ಕರಗುತ್ತದೆ. ಇವನ್ನೆಲ್ಲ ಒಂದೇ ತಲೆಬರಹದ ಕೆಳಗೆ ಬರೆಯತೊಡಗಿದಾಗ ನಮ್ಮ ಮನೆಯಲ್ಲಿ ಬಂದ ಮೊತ್ತ ತಿಂಗಳ ಹಾಲಿನ ಬಿಲ್ಲಿನ ಹತ್ತಿರಹತ್ತಿರ ಇತ್ತು. ‘ಸ್ವಚ್ಛ’, ‘ನೈಸರ್ಗಿಕ’ ಎಂದು ಹೇಳಿಕೊಳ್ಳುವ ಪದಾರ್ಥಗಳಿಗೆ ಬದಲಾಗಬೇಕೆಂದು ಹೊರಡುವ ಯಾರೇ ಆಗಲಿ, ಮೊದಲು ಈ ಮೊತ್ತವನ್ನು ತಿಳಿದುಕೊಳ್ಳಬೇಕು. ಇಲ್ಲದಿದ್ದರೆ ಹಳೆಯ ಖರ್ಚಿನ ಮೇಲೆ ಹೊಸ ಖರ್ಚು ಕೂತುಬಿಡುತ್ತದೆ.

ಈ ಲೆಕ್ಕ ಶುರುವಾಗಲು ಕಾರಣ ನಮ್ಮ ಅತ್ತಿಗೆ. ಹಬ್ಬಕ್ಕೆ ಮೊದಲು ಅವರು ತಲೆಗೆ ಹಚ್ಚಿಕೊಳ್ಳಲು ಕಪ್ಪು ಮೆಹಂದಿಯ ಪೊಟ್ಟಣವೊಂದನ್ನು ತಂದರು. ಮುಂಭಾಗದಲ್ಲಿ ಎಲೆಯ ಚಿತ್ರ, ದಪ್ಪಕ್ಷರದಲ್ಲಿ ‘ಹರ್ಬಲ್’. ಮಾರನೆಯ ದಿನ ಹಣೆ, ಕಿವಿಯ ಹಿಂಭಾಗವೆಲ್ಲ ಕೆಂಪಗೆ ಊದಿಕೊಂಡು ಕಣ್ಣು ಪೂರ್ತಿ ಬಿಡಲಾಗುತ್ತಿರಲಿಲ್ಲ. ಚರ್ಮದ ಡಾಕ್ಟರು ಮೊದಲು ಕೇಳಿದ್ದೇ, “ಆ ಪ್ಯಾಕೆಟ್ ತಂದಿದೀರಾಮ್ಮ?” ಎಂದು. ಪೊಟ್ಟಣದ ಮಡಿಕೆ ಬಿಡಿಸಿ, ಸಾಸಿವೆ ಕಾಳಿನಂಥ ಅಕ್ಷರಗಳ ನಡುವೆ ಬೆರಳಿಟ್ಟು ತೋರಿಸಿದರು: ಪ್ಯಾರಾ ಫಿನೈಲಿನ್ ಡೈಅಮೀನ್. ಚಿಕ್ಕದಾಗಿ ಪಿಪಿಡಿ. “ಬರೀ ಮೆಹಂದಿ ಸೊಪ್ಪು ಕೂದಲಿಗೆ ಕೆಂಪು ಬಣ್ಣ ಕೊಡುತ್ತೆ, ಕಪ್ಪು ಕೊಡಲ್ಲ. ಕಪ್ಪು ಬಂತು ಅಂದ್ರೆ ಬೇರೇನೋ ಬೆರೆಸಿದ್ದಾರೆ ಅಂತ ತಿಳ್ಕೊಳ್ಳಿ,” ಎಂದರು.

ಪಿಪಿಡಿ ಕೂದಲಿನ ಬಣ್ಣಗಳಲ್ಲಿ ಬಹಳ ಕಾಲದಿಂದ ಬಳಕೆಯಲ್ಲಿದೆ, ಎಷ್ಟೋ ಜನರಿಗೆ ಏನೂ ಆಗುವುದಿಲ್ಲ. ಆದರೆ ಅದು ಒಗ್ಗದವರಿಗೆ ತೊಂದರೆ ಜೋರಾಗಿಯೇ ಆಗುತ್ತದೆ. ಅದಕ್ಕೇ ಬಣ್ಣ ಹಚ್ಚುವ ಎರಡು ದಿನ ಮೊದಲು ಕಿವಿಯ ಹಿಂದೆ ಚೂರು ಹಚ್ಚಿ ನೋಡಬೇಕು. ಕಪ್ಪೇ ಬೇಕೆನ್ನುವವರಿಗೆ ಮೆಹಂದಿಯ ನಂತರ ನೀಲಿ ಗಿಡದ ಎಲೆಪುಡಿ ಹಚ್ಚುವ ದಾರಿ ಇದೆ. ಹೊತ್ತು ಹಿಡಿಯುತ್ತದೆ, ಅಷ್ಟೇ. ಹಣದ ಮಾತಿಗೆ ಬಂದರೆ, ಕೆಲವೇ ರೂಪಾಯಿಗಳ ಪೊಟ್ಟಣಕ್ಕೆ ಅತ್ತಿಗೆ ತೆತ್ತದ್ದು ಡಾಕ್ಟರ ಫೀಸು, ಔಷಧಿ, ಕೆಲಸಕ್ಕೆ ಹಾಕಿದ ರಜೆ ಎಲ್ಲ ಸೇರಿ ಸಾವಿರಗಟ್ಟಲೆ.

ಅವತ್ತಿನಿಂದ ನಮ್ಮ ಮನೆಯಲ್ಲಿ ಡಬ್ಬಿಯ ಹಿಂಬದಿ ಓದುವುದು ರೂಢಿಯಾಯಿತು. ಇದಕ್ಕೆ ಕಾನೂನಿನ ಬಲವೂ ಇದೆ. 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಶೇ 1ಕ್ಕಿಂತ ಹೆಚ್ಚಿರುವ ಪದಾರ್ಥಗಳನ್ನು ಹೆಚ್ಚಿನದರಿಂದ ಕಡಿಮೆಯದಕ್ಕೆ, ಪ್ರಮಾಣದ ಕ್ರಮದಲ್ಲೇ ಮುದ್ರಿಸಬೇಕು. ಶೇ 1 ಮತ್ತು ಅದಕ್ಕಿಂತ ಕಡಿಮೆ ಇರುವುದನ್ನು ಕೊನೆಯಲ್ಲಿ ಯಾವ ಕ್ರಮದಲ್ಲಾದರೂ ಹಾಕಬಹುದು. ಇದರಿಂದ ಒಂದು ಉಪಾಯ ಸಿಗುತ್ತದೆ. ಕ್ರೀಮು ಕೆಡದಂತೆ ಹಾಕುವ ಫಿನಾಕ್ಸಿ ಎಥನಾಲ್ ಸಾಮಾನ್ಯವಾಗಿ ಶೇ 1ನ್ನು ಮೀರುವುದಿಲ್ಲ. ಮುಂಭಾಗದಲ್ಲಿ ಕೇಸರಿ, ಲೋಳೆಸರ, ಬಾದಾಮಿ ಎಂದು ಮೆರೆಯುವ ಹೆಸರು ಹಿಂಬದಿಯ ಪಟ್ಟಿಯಲ್ಲಿ ಈ ಫಿನಾಕ್ಸಿ ಎಥನಾಲ್‌ಗಿಂತ ಕೆಳಗಿದ್ದರೆ, ಅದು ಚಿಟಿಕೆಯಷ್ಟೇ ಇದೆ ಎಂದು ತಿಳಿಯಬಹುದು. ಆ ಚಿಟಿಕೆಗೆ ದುಪ್ಪಟ್ಟು ಬೆಲೆ ಕೊಡಬೇಕೇ ಎಂಬುದು ನಿಮ್ಮ ತೀರ್ಮಾನ.

‘ಕ್ಲೀನ್’ ಎನ್ನುವುದಕ್ಕೆ ಅದೇ ನಿಯಮಗಳಲ್ಲಿ ಯಾವ ವ್ಯಾಖ್ಯಾನವೂ ಇಲ್ಲ. ‘ಕೆಮಿಕಲ್ ಇಲ್ಲ’ ಎಂಬ ಮಾತಿಗಂತೂ ಅರ್ಥವೇ ಇಲ್ಲ, ನೀರೂ ರಾಸಾಯನಿಕವೇ. ಪ್ಯಾರಬೆನ್ ಎಂದೊಡನೆ ಹೆದರಬೇಕಾಗಿಯೂ ಇಲ್ಲ. ಯುರೋಪಿನಲ್ಲಿ ಕೆಲವು ಬಗೆಯ ಪ್ಯಾರಬೆನ್‌ಗಳನ್ನು 2014ರಲ್ಲಿ ನಿಷೇಧಿಸಿದರು, ಮೀಥೈಲ್ ಮತ್ತು ಈಥೈಲ್ ಪ್ಯಾರಬೆನ್‌ಗಳನ್ನು ಮಿತಿ ಹಾಕಿ ಉಳಿಸಿಕೊಂಡರು. ನೀರಿನಂಶವಿರುವ ಕ್ರೀಮಿಗೆ ಕೆಡದಂತೆ ಕಾಯುವ ಪದಾರ್ಥ ಏನಾದರೊಂದು ಬೇಕೇ ಬೇಕು, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ. ನಾನು ನಿಜವಾಗಿ ಎಚ್ಚರ ವಹಿಸುವುದು ಮೂರು ವಿಷಯಗಳಲ್ಲಿ: ಪಿಪಿಡಿ, ಪಟ್ಟಿಯೇ ಇಲ್ಲದೆ ಮಾರುವ ಬಿಳಿಯಾಗಿಸುವ ಕ್ರೀಮು, ಮತ್ತು ದಟ್ಟ ಸುವಾಸನೆ. ಬಿಳಿಯಾಗಿಸುವ ಕ್ರೀಮುಗಳಲ್ಲಿ ಪಾದರಸದ ಅಪಾಯವಿದೆ. ಸುವಾಸನೆಯ ವಿಷಯದಲ್ಲಿ ‘ಪರ್ಫ್ಯೂಮ್’ ಎಂಬ ಒಂದೇ ಪದದ ಹಿಂದೆ ಹತ್ತಾರು ಪದಾರ್ಥಗಳಿರಬಹುದು.

ಇನ್ನು ಸೋಪು. ಅಂಗಡಿಯಲ್ಲಿ ಒಂದೇ ಕಪಾಟಿನಲ್ಲಿರುವ ಬಿಲ್ಲೆಗಳಲ್ಲಿ ಎರಡು ಜಾತಿಗಳಿವೆ: ಒಂದರ ಮೇಲೆ ‘ಟಾಯ್ಲೆಟ್ ಸೋಪ್’, ಇನ್ನೊಂದರ ಮೇಲೆ ‘ಬಾತಿಂಗ್ ಬಾರ್’ ಎಂದಿರುತ್ತದೆ. ಭಾರತೀಯ ಮಾನಕ ಬ್ಯೂರೋದ ಪ್ರಕಾರ ಟಾಯ್ಲೆಟ್ ಸೋಪಿನ ಒಂದನೇ ದರ್ಜೆಗೆ ಟಿಎಫ್‌ಎಂ, ಅಂದರೆ ಒಟ್ಟು ಕೊಬ್ಬಿನಂಶ, ಕನಿಷ್ಠ ಶೇ 76 ಇರಬೇಕು. ಎರಡನೆಯದಕ್ಕೆ 70, ಮೂರನೆಯದಕ್ಕೆ 60. ಬಾತಿಂಗ್ ಬಾರ್‌ಗೆ 40 ಇದ್ದರೂ ಸಾಕು. ಕೊಬ್ಬಿನಂಶ ಕಡಿಮೆಯಾದ ಬಿಲ್ಲೆ ಸೋಪಿನ ಪೆಟ್ಟಿಗೆಯಲ್ಲಿ ಬೇಗ ಲೊಳಲೊಳ ಆಗುತ್ತದೆ, ಬೇಗ ಸವೆಯುತ್ತದೆ. ಒಣ ಚರ್ಮಕ್ಕೆಂದೇ, ಸೋಪಿನ ಬದಲು ಕೃತಕ ಮಾರ್ಜಕದಿಂದ ಮಾಡಿದ ಸಿಂಡೆಟ್ ಬಾರ್‌ಗಳಿಗೆ ಮಾತ್ರ ಈ ಅಳತೆ ಸಲ್ಲದು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1916ರಷ್ಟು ಹಿಂದೆ ಬೇರು ಬಿಟ್ಟ ನಮ್ಮ ಮೈಸೂರು ಸ್ಯಾಂಡಲ್ ಒಂದನೇ ದರ್ಜೆಯ ಸೋಪು. ಅದೊಂದೇ ಅಲ್ಲ, ಒಂದನೇ ದರ್ಜೆಯ ಅಗ್ಗದ ಸೋಪುಗಳೂ ಸಿಗುತ್ತವೆ; ಹೊದಿಕೆ ತಿರುಗಿಸಿ ನೋಡುವ ತಾಳ್ಮೆ ಬೇಕು.

ಬಾಟಲಿಯ ಬಾಡಿವಾಶ್ ನಾನು ಬಿಟ್ಟದ್ದು ಮೂರು ಕಾರಣಕ್ಕೆ. ಅದರಲ್ಲಿ ಹೆಚ್ಚಿನ ಪಾಲು ನೀರು, ಆ ನೀರಿಗೊಂದು ಪ್ಲಾಸ್ಟಿಕ್ ಬಾಟಲಿ, ಮೇಲೆ ತೆರಿಗೆ. 2025ರ ಸೆಪ್ಟೆಂಬರ್ 22ರಿಂದ ಸೋಪಿನ ಬಿಲ್ಲೆ, ಶಾಂಪೂ, ತಲೆಗೆ ಹಚ್ಚುವ ಎಣ್ಣೆ, ಟೂತ್‌ಪೇಸ್ಟ್ ಮೇಲಿನ ಜಿಎಸ್‌ಟಿ ಶೇ 18ರಿಂದ 5ಕ್ಕೆ ಇಳಿದಿದೆ. ದ್ರವರೂಪದ ಬಾಡಿವಾಶ್, ಫೇಸ್‌ವಾಶ್ ಮತ್ತು ಮುಖದ ಕ್ರೀಮುಗಳು 18ರಲ್ಲೇ ಉಳಿದಿವೆ.

ತಲೆಸ್ನಾನದ ವಿಷಯದಲ್ಲಿ ಲೆಕ್ಕ ಅಷ್ಟು ನೇರವಾಗಿಲ್ಲ. ದೊಡ್ಡ ಬಾಟಲಿ ಕೊಂಡರೆ ಉಳಿತಾಯ ಎಂದು ನಾವು ನಂಬುತ್ತೇವೆ. ಆದರೆ ಎಷ್ಟೋ ಬ್ರ್ಯಾಂಡುಗಳಲ್ಲಿ ಒಂದೆರಡು ರೂಪಾಯಿಯ ಪ್ಯಾಕೆಟ್ ಶಾಂಪೂವೇ ಮಿಲಿ ಲೀಟರ್ ಲೆಕ್ಕದಲ್ಲಿ ಅಗ್ಗ. ಜೇಬಿಗೆ ಹಗುರ ನಿಜ, ಆದರೆ ಪದರ ಪದರದ ಆ ಪ್ಲಾಸ್ಟಿಕ್ಕನ್ನು ಗುಜರಿಯವರೂ ಕೊಳ್ಳುವುದಿಲ್ಲ. ಅದು ಚರಂಡಿ ಸೇರುತ್ತದೆ. ಹಾಗಾಗಿ ನಾವು ವಾರದ ಎಣ್ಣೆಸ್ನಾನಕ್ಕೆ ಸೀಗೆಪುಡಿಗೆ ಮರಳಿದೆವು. ನಡುವಿನ ದಿನಕ್ಕೆ ಮಾತ್ರ ಶಾಂಪೂ.

ಸೀಗೆಕಾಯಿಯನ್ನು ಬಿಸಿಲಿಗೆ ಹಾಕಿ, ಮುರಿದರೆ ಚಟ್ ಎನ್ನುವಷ್ಟು ಒಣಗಿಸುತ್ತೇವೆ. ಅದಕ್ಕೆ ಹೆಸರುಕಾಳು, ಮೆಂತ್ಯ, ನಿಂಬೆಹಣ್ಣಿನ ಒಣಗಿದ ಸಿಪ್ಪೆ ಸೇರುತ್ತವೆ. ಎಣ್ಣೆ ಬಿಡಿಸಲು ಚಿಗರೆಪುಡಿ ಬೇರೆ. ಖಾರದ ಪುಡಿ, ಹಿಟ್ಟು ಬೀಸುವ ಗಿರಣಿಯಲ್ಲಿ ಸೀಗೆಯನ್ನು ಮುಟ್ಟುವುದಿಲ್ಲ, ಅದಕ್ಕೆಂದೇ ಇರುವ ಗಿರಣಿಗೆ ಹೋಗಬೇಕು. ಬೀಸುವಾಗ ಏಳುವ ಧೂಳಿಗೆ ಸರದಿಯಲ್ಲಿ ನಿಂತವರೆಲ್ಲ ಸೀನುತ್ತಾರೆ. ನುಣ್ಣಗೆ ಜರಡಿ ಹಿಡಿದು ಡಬ್ಬಿಗೆ ತುಂಬಿಟ್ಟರೆ ತಿಂಗಳುಗಟ್ಟಲೆ ಬರುತ್ತದೆ. ಇದರ ಬೆಲೆಯಲ್ಲಿ ನಮ್ಮ ಶ್ರಮವೂ ಸೇರಿದೆ ಎಂಬುದನ್ನು ಮರೆಯಬಾರದು. ಬೆಳಿಗ್ಗೆ ಆರಕ್ಕೆ ಬಸ್ಸು ಹಿಡಿಯುವ ಹೆಣ್ಣುಮಗಳಿಗೆ ಶಾಂಪೂವೇ ಸರಿ, ಅದರಲ್ಲಿ ತಪ್ಪೇನೂ ಇಲ್ಲ.

ಎಣ್ಣೆಯ ವಿಷಯ ಇನ್ನೂ ಸುಲಭ. ಚಿಕ್ಕ ಪೊಟ್ಟಣದ ಶುದ್ಧ ಕೊಬ್ಬರಿ ಎಣ್ಣೆ ಅಡುಗೆ ಎಣ್ಣೆಯೋ ತಲೆಎಣ್ಣೆಯೋ ಎಂಬ ತೆರಿಗೆ ವ್ಯಾಜ್ಯ ವರ್ಷಾನುಗಟ್ಟಲೆ ನಡೆದು, 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅಡುಗೆ ಎಣ್ಣೆಯೆಂದು ಮಾರಿದರೆ ಅದನ್ನು ಹಾಗೇ ಪರಿಗಣಿಸಬೇಕು ಎಂದಿತು. ನಮ್ಮ ಮನೆಯಲ್ಲಿ ಗಾಣದಿಂದ ತಂದ ಒಂದೇ ಕೊಬ್ಬರಿ ಎಣ್ಣೆ ಒಗ್ಗರಣೆಗೂ ಆಗುತ್ತದೆ, ತಲೆಗೂ ಆಗುತ್ತದೆ. ಚಳಿಗಾಲದಲ್ಲಿ ಕೈಕಾಲು ಒಡೆದರೆ ಅದಕ್ಕೂ ಅದೇ. ಇದೊಂದರಿಂದಲೇ ಹೇರ್ ಆಯಿಲ್, ಬಾಡಿ ಲೋಷನ್ ಎರಡೂ ಪಟ್ಟಿಯಿಂದ ಹೋದವು.

ಎಲ್ಲವನ್ನೂ ಅಡುಗೆಮನೆಯಿಂದಲೇ ತೀರಿಸಲು ಹೊರಡಬೇಡಿ. ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪು ಕಲೆ ಬೀಳಬಹುದು. ಬಿಸಿಲು ತಡೆಯುವ ಕ್ರೀಮಿಗೆ ಮನೆಯಲ್ಲಿ ಬದಲಿ ಇಲ್ಲ, ಅದಕ್ಕೆ ದುಡ್ಡು ಕೊಡಬೇಕು. ಹಲ್ಲು ಹುಳುಕಾಗದಿರಲು ಫ್ಲೋರೈಡ್ ಪೇಸ್ಟ್ ಒಳ್ಳೆಯದು. ಪಾವಗಡ, ಕೋಲಾರದ ಕಡೆಯಂತೆ ಬೋರ್‌ವೆಲ್ ನೀರಿನಲ್ಲೇ ಫ್ಲೋರೈಡ್ ಹೆಚ್ಚಿರುವ ಊರಿನವರು ಮಾತ್ರ ಮಕ್ಕಳ ಪೇಸ್ಟಿನ ಬಗ್ಗೆ ದಂತವೈದ್ಯರನ್ನು ಕೇಳುವುದು ಕ್ಷೇಮ.

ಒಂದು ಸಲದ ಖರ್ಚು ದೊಡ್ಡದೆನಿಸಿ ಆಮೇಲೆ ಉಳಿಸುವ ವಸ್ತುಗಳೂ ಇವೆ. ಮುಟ್ಟಿನ ಕಪ್ ಅಂಥದ್ದು. ಕೆಲವು ನೂರು ರೂಪಾಯಿಗಳ ಕಪ್ ಸರಿಯಾಗಿ ಕುದಿಸಿ ಸ್ವಚ್ಛವಾಗಿಟ್ಟರೆ ಹತ್ತು ವರ್ಷದವರೆಗೂ ಬರಬಹುದು. ಪ್ಯಾಡಿಗೆ ತಿಂಗಳಿಗೆ ನೂರು ರೂಪಾಯಿಯೆಂದರೂ ಹತ್ತು ವರ್ಷಕ್ಕೆ ಹನ್ನೆರಡು ಸಾವಿರ. ಎಲ್ಲರಿಗೂ ಕಪ್ ಒಗ್ಗುವುದಿಲ್ಲ. ಒಗ್ಗಿದವರಿಗೆ ದುಡ್ಡೂ ಉಳಿಯುತ್ತದೆ, ಕಸವೂ ಕಡಿಮೆಯಾಗುತ್ತದೆ.

ಬದಲಾಗುವುದೆಂದರೆ ಮನೆಯಲ್ಲಿರುವುದನ್ನೆಲ್ಲ ಎಸೆದು ಹೊಸದನ್ನು ತರಿಸಿಕೊಳ್ಳುವುದು ಎಂದು ಜಾಹೀರಾತುಗಳು ನಂಬಿಸುತ್ತವೆ. ನಾವು ಹಿಡಿದದ್ದು ಬೇರೆ ದಾರಿ. ಒಂದು ಖಾಲಿಯಾದ ಮೇಲೆಯೇ ಇನ್ನೊಂದು, ಅದೂ ಬೇಕೆನಿಸಿದರೆ ಮಾತ್ರ. ಮೈಗೆ ತೊಂದರೆ ಕೊಟ್ಟದ್ದು, ಅವಧಿ ಮೀರಿದ್ದು ಇವೆರಡನ್ನೇ ಎಸೆದೆವು. ಮಗಳ ಸೀರಮ್‌ಗಳು ಒಂದೊಂದಾಗಿ ಮುಗಿದವು, ಅವುಗಳಲ್ಲಿ ಹೆಚ್ಚಿನವಕ್ಕೆ ಬದಲಿ ಬರಲಿಲ್ಲ. ಉಳಿದ ದುಡ್ಡಿನಲ್ಲಿ ಒಂದು ಭಾಗವನ್ನು ಚರ್ಮದ ಡಾಕ್ಟರ ಫೀಸಿಗೆಂದೇ ತೆಗೆದಿಡುತ್ತೇವೆ. ಮೊಡವೆಗೆ ಆ್ಯಪ್ ಹೇಳಿದ ಸೀರಮ್‌ಗಳನ್ನು ಸಾಲಾಗಿ ಕೊಳ್ಳುವುದಕ್ಕಿಂತ ಒಂದು ಸಲ ಡಾಕ್ಟರಿಗೆ ತೋರಿಸುವುದು ಅಗ್ಗ.

ಹೊಸದೇನಾದರೂ ಕೈಗೆತ್ತಿಕೊಂಡಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ಇದು ಮಾಡುವ ಕೆಲಸವನ್ನು ಮನೆಯಲ್ಲಿರುವ ಇನ್ಯಾವುದೋ ಈಗಾಗಲೇ ಮಾಡುತ್ತಿದೆಯೇ? ಮುಂಭಾಗ ಹೇಳುವುದನ್ನು ಹಿಂಬದಿಯ ಪಟ್ಟಿಯೂ ಹೇಳುತ್ತಿದೆಯೇ? ಗ್ರಾಮಿಗೆ, ಮಿಲಿ ಲೀಟರಿಗೆ ಎಷ್ಟು ಬೀಳುತ್ತದೆ? ಕೊನೆಯದರ ಉತ್ತರ ಈಗ ಬಹುತೇಕ ಪ್ಯಾಕೆಟ್‌ಗಳಲ್ಲಿ ಎಂಆರ್‌ಪಿ ಪಕ್ಕದಲ್ಲೇ ಇರುತ್ತದೆ. 30 ಮಿಲಿ ಲೀಟರ್ ಸೀರಮ್‌ಗೆ 600 ರೂಪಾಯಿ ಎಂದರೆ ಮಿಲಿ ಲೀಟರಿಗೆ 20 ರೂಪಾಯಿ. ಮೂರೂ ಉತ್ತರ ಸಮಾಧಾನ ಕೊಟ್ಟರೆ ಧಾರಾಳವಾಗಿ ಕೊಳ್ಳಿ, ಇಲ್ಲದಿದ್ದರೆ ಆ ದುಡ್ಡು ನಿಮ್ಮಲ್ಲೇ ಇರಲಿ.